ಕಾಣದವರು ಮಾಡಿದ ಘೇಂಡಾಮೃಗ

ಹತ್ತಿರ ಬನ್ನಿ. ಕಾವಲಿನವರು ಹುಬ್ಬು ಗಂಟಿಕ್ಕುವಷ್ಟು ಹತ್ತಿರ ಬೇಡ, ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಂತರೆ ಸಾಕು.

ಇದು ಜರ್ಮನಿಯ ಡ್ರೆಸ್ಡನ್. ಜ್ವಿಂಗರ್ ಅರಮನೆಯ ಪಿಂಗಾಣಿ ಸಂಗ್ರಹಾಲಯದಲ್ಲಿ ಪ್ರಾಣಿಗಳಿಗೆಂದೇ ಬಿಟ್ಟುಕೊಟ್ಟ ಅಂಗಣದಲ್ಲಿ ನಿಂತಿದ್ದೀರಿ. ಸುತ್ತ ಸಿಂಹ, ಆನೆ, ಮೇಕೆ, ಕೋತಿ, ನವಿಲು, ರಣಹದ್ದು, ಕೋಳಿ ಹಿಡಿದ ನರಿ. ಬಹುತೇಕ ಎಲ್ಲಕ್ಕೂ ಒಂದೇ ಬಣ್ಣ, ಬಿಳಿ. ಚಹಾದ ಬಟ್ಟಲು ಮಾಡುವ ಪಿಂಗಾಣಿಯಲ್ಲೇ ಇವನ್ನೂ ಮಾಡಿದ್ದಾರೆ. ಆದರೆ ಬಟ್ಟಲು ಅಂಗೈಯಲ್ಲಿ ಕೂರುತ್ತದೆ. ಇಲ್ಲಿರುವ ದೊಡ್ಡ ಪ್ರಾಣಿಗಳನ್ನು ಎತ್ತಲು ಇಬ್ಬರು ಮೂವರು ಆಳು ಬೇಕು.

ನಿಮ್ಮೆದುರಿಗಿರುವುದು ಘೇಂಡಾಮೃಗ. ಅಸ್ಸಾಮಿನ ಕಾಜಿರಂಗದಲ್ಲೋ ಯಾವುದಾದರೂ ಮೃಗಾಲಯದಲ್ಲೋ ಈ ಪ್ರಾಣಿಯನ್ನು ಕಂಡವರಿಗೆ ಮೊದಲು ಗುರುತು ಹತ್ತುತ್ತದೆ, ಮರುಗಳಿಗೆಗೆ ಅನುಮಾನ ಶುರುವಾಗುತ್ತದೆ. ಮೂಗಿನ ಮೇಲೆ ಕೊಂಬು ಇದೆ, ಸರಿ. ಮೈ ದಪ್ಪ, ಕಾಲು ಮೋಟು, ಅದೂ ಸರಿ. ಆದರೆ ಚರ್ಮದ ಮಡಿಕೆ ಇರಬೇಕಾದ ಕಡೆ ಕಮ್ಮಾರ ಬಡಿದು ಕೂಡಿಸಿದಂಥ ಕವಚ. ಎದೆಗೊಂದು, ಭುಜಕ್ಕೊಂದು, ಸೊಂಟಕ್ಕೊಂದು ಫಲಕ. ಕಾಲಿನ ತುಂಬ ಹುರುಪೆ. ಕಣ್ಣನ್ನು ಕತ್ತಿನಿಂದ ಹಿಂದಕ್ಕೆ ಸರಿಸಿ. ಎರಡು ಭುಜಗಳ ನಡುವೆ, ಬೆನ್ನಿನ ಮೇಲೆ, ಇನ್ನೊಂದು ಪುಟ್ಟ ಕೊಂಬು! ಇಂಥ ಪ್ರಾಣಿ ಭೂಮಿಯ ಮೇಲೆ ಯಾವತ್ತೂ ಮೇದಿಲ್ಲ.

ಇದನ್ನು ಮಾಡಿದವನು ಯೋಹಾನ್ ಗಾಟ್ಲೀಬ್ ಕಿರ್ಶ್ನರ್. ಡ್ರೆಸ್ಡನ್ನಿಗೆ ಹತ್ತಿರದ ಮೈಸೆನ್ ಊರಿನ ಪಿಂಗಾಣಿ ಕಾರ್ಖಾನೆಯ ಶಿಲ್ಪಿ. ಕಾಲ 1730ರ ಆಚೀಚೆ. ಅವನು ಘೇಂಡಾಮೃಗವನ್ನು ನೋಡಿರಲಿಲ್ಲ. ಅವನು ಮುಂದಿಟ್ಟುಕೊಂಡು ಕೆಲಸ ಮಾಡಿದ್ದು ಒಂದು ಹಳೆಯ ಮರದಚ್ಚಿನ ಚಿತ್ರವನ್ನು. ಆ ಚಿತ್ರ ಬರೆದವನೂ ಘೇಂಡಾಮೃಗವನ್ನು ನೋಡಿರಲಿಲ್ಲ. ನೋಡದವನು ಬರೆದದ್ದನ್ನು ಕಂಡು ನೋಡದವನು ಮಾಡಿದ ಮೂರ್ತಿ ಇದು. ಹಾಗಿದ್ದೂ ಈ ಅಂಗಣದಲ್ಲಿ ಇದರಷ್ಟು ಖಾತ್ರಿಯಿಂದ ನೆಲಕ್ಕೆ ಕಾಲೂರಿ ನಿಂತ ಪ್ರಾಣಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪಕ್ಕದ ಮೇಕೆ ಮೇಕೆಯೇ, ಅದರಲ್ಲಿ ತಕರಾರಿಲ್ಲ. ಘೇಂಡಾಮೃಗವಾದರೋ ತಾನು ಹೀಗೇ ಇರುವುದು ಎಂದು ನಿಮ್ಮನ್ನು ಒಪ್ಪಿಸಿಬಿಡುತ್ತದೆ.

ಆ ಚಿತ್ರ ಹುಟ್ಟಿದ ಬಗೆ ತಿಳಿಯಬೇಕಾದರೆ ಗೋವೆಯ ಬಂದರಿಗೆ ಬರಬೇಕು.

1515ರ ಜನವರಿ. ಮಾಂಡೋವಿ ನದಿಯ ದಡದಲ್ಲಿ ನಿಂತಿದ್ದೀರಿ. ಈ ಊರು ಬಿಜಾಪುರದ ಆದಿಲಶಾಹಿಗಳ ಕೈಯಿಂದ ಪೋರ್ಚುಗೀಸರಿಗೆ ಹೋಗಿ ಐದನೇ ವರ್ಷ ನಡೆಯುತ್ತಿದೆ. ಗೋವೆ ಹಿಡಿಯುವಾಗ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ಗೆ ಹೆಗಲು ಕೊಟ್ಟವನು ಹೊನ್ನಾವರದ ಕಡೆಯ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಘಟ್ಟದ ಮೇಲೆ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದಾನೆ. ದಡದಲ್ಲಿ ಹಲಗೆ ಹಾಸಿದ್ದಾರೆ. ಹಲಗೆಯ ಈಚೆ, ಕಾಲಿಗೆ ಸರಪಳಿ ಕಟ್ಟಿಸಿಕೊಂಡು, ಕಿವಿ ಒದರುತ್ತ ನಿಂತಿದೆ ಒಂದು ಘೇಂಡಾಮೃಗ. ನಿಜವಾದದ್ದು. ಸಗಣಿಯ ವಾಸನೆ, ನೊಣ, ಹುಲ್ಲಿನ ಹೊರೆ, ಎಲ್ಲವೂ ಇದೆ.

ಇದು ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಶಾ ಕೊಟ್ಟ ಉಡುಗೊರೆ. ಪೋರ್ಚುಗೀಸರು ಕೇಳಿದ್ದು ದೀವ್‌ನಲ್ಲಿ ಕೋಟೆ ಕಟ್ಟಲು ಅಪ್ಪಣೆ. ಸುಲ್ತಾನ ಅಪ್ಪಣೆ ಕೊಡಲಿಲ್ಲ, ಬಂದ ರಾಯಭಾರಿಯನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲವೆಂದು ಘೇಂಡಾಮೃಗ ಕೊಟ್ಟ. ಇಲ್ಲ ಎನ್ನುವುದಕ್ಕೆ ಇದಕ್ಕಿಂತ ತೂಕದ ಮಾತು ಇರಲಾರದು. ಅಲ್ಬುಕರ್ಕ್‌ಗೂ ಅದನ್ನು ಸಾಕುವ ಉತ್ಸಾಹವಿರಲಿಲ್ಲ. ಲಿಸ್ಬನ್ನಿನಲ್ಲಿದ್ದ ತನ್ನ ರಾಜ ಮ್ಯಾನುಯೆಲ್‌ಗೆ ಸಾಗಹಾಕಿದ. ಜೊತೆಗೆ ಹೋದ ಮಾವುತನಂಥ ಪಾಲಕನ ಹೆಸರನ್ನು ಪೋರ್ಚುಗೀಸರು ಓಸೆಮ್ ಎಂದು ಬರೆದಿಟ್ಟಿದ್ದಾರೆ. ಅವನ ಬಗ್ಗೆ ಉಳಿದಿರುವುದು ಹೆಚ್ಚುಕಡಿಮೆ ಅಷ್ಟೇ.

ನೂರಿಪ್ಪತ್ತು ದಿನದ ಪಯಣ. ಆಫ್ರಿಕದ ತುದಿ ಬಳಸಿ ಹಡಗು 1515ರ ಮೇ 20ರಂದು ಲಿಸ್ಬನ್ ಮುಟ್ಟುತ್ತದೆ. ರೋಮನ್ನರ ಕಾಲ ಕಳೆದ ಮೇಲೆ ಯೂರೋಪಿನ ನೆಲ ಮೆಟ್ಟಿದ ಮೊದಲ ಘೇಂಡಾಮೃಗ. ಜನ ಮುಗಿಬಿದ್ದರು. ಆನೆಗೂ ಘೇಂಡಾಮೃಗಕ್ಕೂ ಹುಟ್ಟು ಹಗೆತನ ಎಂದು ಹಳೆಯ ಲ್ಯಾಟಿನ್ ಗ್ರಂಥಗಳು ಹೇಳುತ್ತಿದ್ದವಲ್ಲ, ಅದನ್ನು ಪರೀಕ್ಷಿಸಲೆಂದು ಮ್ಯಾನುಯೆಲ್ ಜೂನ್ 3ರಂದು ಎರಡನ್ನೂ ಎದುರುಬದುರು ಬಿಡಿಸಿದ. ಮರಿ ಆನೆ ಬೆದರಿ ಓಡಿತು. ಗ್ರಂಥ ಗೆದ್ದಿತು.

ಲಿಸ್ಬನ್ನಿನಿಂದ ಒಂದು ಪತ್ರ ಹೊರಟು, ಜರ್ಮನಿಯ ನ್ಯೂರೆಂಬರ್ಗ್ ತಲುಪಿ, ಆಲ್ಬ್ರೆಕ್ಟ್ ಡ್ಯೂರರ್ ಎಂಬ ಕಲಾವಿದನ ಕಣ್ಣಿಗೆ ಬಿತ್ತು. ಅವನ ಮೇಜಿನ ಪಕ್ಕ ನಿಂತು ನೋಡಿ. ಶಾಯಿ ಒಣಗುತ್ತಿದೆ. ಪತ್ರದಲ್ಲಿ ಚರ್ಮ ಗಟ್ಟಿ, ಆಮೆಯ ಬಣ್ಣ ಎಂದಿದ್ದರೆ ಇವನ ಕೈಯಲ್ಲಿ ಅದು ಉಕ್ಕಿನ ಕವಚವಾಗುತ್ತದೆ. ನ್ಯೂರೆಂಬರ್ಗ್ ಕವಚ ಮಾಡುವವರ ಊರು. ಬೀದಿಯಲ್ಲಿ ದಿನವೂ ಬಡಿಯುವ ಸದ್ದು. ಚರ್ಮದ ಮೇಲಿನ ಗಂಟುಗಳು ಮೊಳೆಯ ತಲೆಗಳಾದವು. ಬೆನ್ನ ಮೇಲಿನ ಆ ಪುಟ್ಟ ಕೊಂಬು ಎಲ್ಲಿಂದ ಬಂತೋ ಅವನೇ ಬಲ್ಲ. ಅದೇ ವರ್ಷ ಮರದ ಅಚ್ಚು ಕೆತ್ತಿಸಿ ಚಿತ್ರ ಮುದ್ರಿಸಿದರು. ಮಾರಾಟ ಜೋರಾಗಿತ್ತು, ಅಚ್ಚು ಸವೆಯುವವರೆಗೂ ಮತ್ತೆ ಮತ್ತೆ ಒತ್ತಿದರು. ಮುಂದೆ ಇನ್ನೂರು ವರ್ಷಕ್ಕೂ ಮೇಲೆ ಯೂರೋಪಿನವರಿಗೆ ಘೇಂಡಾಮೃಗವೆಂದರೆ ಆ ಚಿತ್ರವೇ.

ನಿಜವಾದ ಪ್ರಾಣಿಯ ಕತೆ ಅಷ್ಟು ದೂರ ಹೋಗಲಿಲ್ಲ. ಮ್ಯಾನುಯೆಲ್ ಅದನ್ನು ಪೋಪ್ ಹತ್ತನೇ ಲಿಯೋಗೆ ಉಡುಗೊರೆಯಾಗಿ ಕಳಿಸಿದ. 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಘೇಂಡಾಮೃಗ ಈಜಬಲ್ಲ ಪ್ರಾಣಿ. ಆದರೆ ಅದನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು.

ಈಗ 1730ರ ಆಚೀಚಿನ ಮೈಸೆನ್‌ಗೆ ನಡೆಯಿರಿ. ಎಲ್ಬೆ ನದಿಯ ಮೇಲಿನ ಬಂಡೆಗುಡ್ಡ, ಅದರ ನೆತ್ತಿಯಲ್ಲಿ ಆಲ್ಬ್ರೆಕ್ಟ್ಸ್‌ಬರ್ಗ್ ಕೋಟೆ. 1710ರಿಂದ ಕೋಟೆಯ ಒಳಗೇ ಪಿಂಗಾಣಿಯ ಕಾರ್ಖಾನೆ. ಕೋಟೆಯೇ ಏಕೆಂದರೆ ಗುಟ್ಟು ಹೊರಗೆ ಹೋಗಬಾರದು. ಚೀನಾದವರು ಶತಮಾನಗಳಿಂದ ಬಲ್ಲ ಗಟ್ಟಿ ಬಿಳಿ ಪಿಂಗಾಣಿಯ ಪಾಕ ಯೂರೋಪಿನಲ್ಲಿ ಮೊದಲು ಕೂಡಿಬಂದದ್ದು 1708ರಲ್ಲಿ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮೇಲ್ವಿಚಾರಣೆಯಲ್ಲಿ, ಬಟ್ಗರ್ ಎಂಬ ತರುಣನ ಕೈಯಲ್ಲಿ. ಬಟ್ಗರ್ ಚಿನ್ನ ಮಾಡುತ್ತೇನೆಂದು ಹೇಳಿಕೊಂಡು ತಿರುಗಿ ಸೆರೆ ಸೇರಿದ್ದವನು. ಚಿನ್ನ ಬರಲಿಲ್ಲ, ಪಿಂಗಾಣಿ ಬಂತು. ಸೆರೆಗೆ ಹಾಕಿದ್ದ ದೊರೆಗೆ ಎರಡರ ನಡುವೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಆ ದೊರೆ ಸ್ಯಾಕ್ಸನಿಯ ಆಗಸ್ಟಸ್. ಪೋಲೆಂಡಿಗೂ ಅವನೇ ರಾಜ. ‘ಬಲಶಾಲಿ’ ಎಂದು ಬಿರುದು. ಪಿಂಗಾಣಿಯ ಹುಚ್ಚು ತನಗೆ ಅಂಟಿದ ಕಾಯಿಲೆ ಎಂದು ತಾನೇ ಒಪ್ಪಿಕೊಂಡಿದ್ದ. 1717ರಲ್ಲಿ ಪ್ರಷ್ಯಾದ ರಾಜನಿಗೆ ತನ್ನ 600 ಸೈನಿಕರನ್ನು ಕೊಟ್ಟು 151 ಪಿಂಗಾಣಿ ವಸ್ತುಗಳನ್ನು ತರಿಸಿಕೊಂಡ. ಆ ಸೈನಿಕರನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ. ಡ್ರೆಸ್ಡನ್ನಿನಲ್ಲಿ ಎಲ್ಬೆಯ ಆಚೆ ದಡದ ‘ಜಪಾನಿ ಅರಮನೆ’ಯನ್ನು ಪೂರ್ತಿ ಪಿಂಗಾಣಿಯಿಂದ ತುಂಬಬೇಕೆಂಬುದು ಅವನ ಕನಸು. ಅದರ ಒಂದು ಉದ್ದನೆಯ ಅಂಗಣದಲ್ಲಿ ಲೋಕದ ಪ್ರಾಣಿಪಕ್ಷಿಗಳೆಲ್ಲ ನಿಲ್ಲಬೇಕು, ನಿಜಗಾತ್ರದಲ್ಲಿ, ನಿಜಬಣ್ಣದಲ್ಲಿ. ಕಾರ್ಖಾನೆಗೆ ನೂರಾರು ಮೂರ್ತಿಗಳ ಆದೇಶ ಹೋಯಿತು.

ಅಲ್ಲಿಯವರೆಗೆ ಮೈಸೆನ್‌ನವರ ಕೈ ಪಳಗಿದ್ದು ಬಟ್ಟಲು, ತಟ್ಟೆ, ಹೂದಾನಿಗಳಲ್ಲಿ. ಪಿಂಗಾಣಿಯಲ್ಲಿ ಈ ಗಾತ್ರದ ಪ್ರಾಣಿಯನ್ನು ಯಾರೂ ಮಾಡಿರಲಿಲ್ಲ, ಚೀನಾದಲ್ಲೂ. ಆಗುವುದಿಲ್ಲ ಎಂದು ರಾಜನಿಗೆ ಹೇಳುವಂತಿಲ್ಲ.

ಕಿರ್ಶ್ನರ್‌ನ ಕೆಲಸದ ಕೋಣೆಯೊಳಗೆ ಬನ್ನಿ, ತಲೆ ಬಗ್ಗಿಸಿ. ಮೊದಲು ಜೇಡಿಮಣ್ಣಿನಲ್ಲಿ ಇಡೀ ಪ್ರಾಣಿಯನ್ನು ಮಾಡಿದ್ದಾನೆ. ಗೋಡೆಗೆ ಡ್ಯೂರರ್‌ನ ಚಿತ್ರವೋ ಅದರ ನಕಲೋ ಒರಗಿದೆ ಎಂದು ಊಹಿಸಿಕೊಳ್ಳೋಣ. ಚಿತ್ರದಲ್ಲಿರುವುದು ಒಂದೇ ಮಗ್ಗುಲು. ಮೂರ್ತಿಗೆ ಎರಡು ಮಗ್ಗುಲು ಬೇಕು, ಎದುರು ಬೇಕು, ಹಿಂಭಾಗ ಬೇಕು. ಡ್ಯೂರರ್ ತೋರಿಸದೆ ಬಿಟ್ಟದ್ದನ್ನು ಕಿರ್ಶ್ನರ್ ತುಂಬಿಸಿಕೊಳ್ಳಬೇಕು. ಹಾಗೆ ತುಂಬಿಸುವಾಗಲೇ ಇದು ಚಿತ್ರದ ನೆರಳಾಗುವುದನ್ನು ಬಿಟ್ಟು ಒಂದು ಪ್ರಾಣಿಯಾಗತೊಡಗಿದ್ದು. ಕಾಗದದ ಮೇಲೆ ಗೆರೆಯಾಗಿದ್ದ ಕವಚ ಇಲ್ಲಿ ಉಬ್ಬುತ್ತದೆ, ಅಂಚು ನೆರಳು ಬೀಳಿಸುತ್ತದೆ. ಬೆನ್ನ ಮೇಲಿನ ಸುಳ್ಳು ಕೊಂಬಿಗೂ ಒಂದು ಬುಡ ಬರುತ್ತದೆ.

ಆ ಮಾದರಿಯ ಮೇಲೆ ಪ್ಲಾಸ್ಟರ್ ಎರೆದು ಅಚ್ಚು ತೆಗೆಯುತ್ತಾರೆ. ಒಂದೇ ಅಚ್ಚಲ್ಲ, ತಲೆ, ಕಾಲು, ಹೊಟ್ಟೆ, ಬೆನ್ನು ಎಂದು ತುಂಡು ತುಂಡು. ಪಕ್ಕದಲ್ಲಿ ಬಿಳಿ ಮಣ್ಣು ನಾದುತ್ತಿದ್ದಾರೆ. ಔಎ ಎಂಬ ಊರಿನ ಗಣಿಯಿಂದ ಬಂದ ಮಣ್ಣು; ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ಸೋಸಿ, ಹದಕ್ಕೆ ತಂದಿದ್ದಾರೆ. ನಮ್ಮ ಕುಂಬಾರರ ಕೆಮ್ಮಣ್ಣಿನಂತೆ ಇದು ಹೇಳಿದ ಮಾತು ಕೇಳುವುದಿಲ್ಲ. ಎಳೆದರೆ ಹರಿಯುತ್ತದೆ, ನಿಲ್ಲಿಸಿದರೆ ಕುಸಿಯುತ್ತದೆ. ಮಣ್ಣನ್ನು ಹಾಳೆ ಮಾಡಿ ಅಚ್ಚಿನೊಳಗೆ ಬೆರಳಿನಿಂದ ಒತ್ತುತ್ತಾರೆ. ಬಿಡಿಭಾಗಗಳನ್ನು ಹೊರತೆಗೆದು, ಅದೇ ಮಣ್ಣನ್ನು ನೀರಲ್ಲಿ ಕದಡಿದ ರಾಡಿಯಿಂದ ಅಂಟಿಸುತ್ತಾರೆ. ಒಳಗೆಲ್ಲ ಟೊಳ್ಳು. ಹೊಟ್ಟೆಯ ಭಾರಕ್ಕೆ ನಾಲ್ಕು ಮೋಟು ಕಾಲು ಸಾಲವು, ಅದಕ್ಕೇ ಕೆಳಗೊಂದು ಆಸರೆ.

ಆಮೇಲೆ ಒಣಗಿಸುವ ಕೆಲಸ. ಯಾರಿಗೂ ಇಷ್ಟವಿಲ್ಲದ, ಯಾರೂ ತಪ್ಪಿಸಲಾಗದ ಕೆಲಸ. ಕಿವಿಯ ತುದಿ ಬೇಗ ಒಣಗುತ್ತದೆ, ಹೊಟ್ಟೆಯ ದಪ್ಪ ಗೋಡೆ ನಿಧಾನ. ಎರಡೂ ಒಟ್ಟಿಗೆ ಕುಗ್ಗದಿದ್ದರೆ ನಡುವೆ ಬಿರಿಯುತ್ತದೆ. ಒದ್ದೆಬಟ್ಟೆ ಹೊದಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಹೊದಿಸುತ್ತಾರೆ.

ಕೊನೆಗೆ ಆವಿಗೆ. ಮಲಗಿಸಿ ಕಟ್ಟಿದ ಉದ್ದನೆಯ ಗೂಡು. ಒಂದು ಬಾಯಲ್ಲಿ ಸೌದೆ, ಇನ್ನೊಂದು ತುದಿಯಲ್ಲಿ ಹೊಗೆಗೊಳವಿ. ಬೆಂಕಿ 1400 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಏರಬೇಕು. ಕಬ್ಬಿಣ ಕರಗುವುದಕ್ಕೆ ಇನ್ನು ಸ್ವಲ್ಪವೇ ಬಾಕಿ. ನೀವು ಹತ್ತು ಹೆಜ್ಜೆ ದೂರ ನಿಂತರೂ ಮುಖ ಉರಿಯುತ್ತದೆ. ಸೌದೆ ಹಾಕುವವನು ಒಂದು ತುಂಡು ಹಾಕಿ ಪಕ್ಕಕ್ಕೆ ಸರಿಯುತ್ತಾನೆ, ಅಷ್ಟರಲ್ಲಿ ಇನ್ನೊಬ್ಬ. ಇಣುಕುಕಿಂಡಿಯಲ್ಲಿ ಕೆಂಪು ಹಳದಿಯಾಗಿ, ಹಳದಿ ಬಿಳಿಯಾಗುತ್ತದೆ. ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಆದರೆ ಆಗುತ್ತಿರುವುದು ಇಷ್ಟು: ಮಣ್ಣು ಅರ್ಧ ಗಾಜಾಗುತ್ತಿದೆ, ಮೆತ್ತಗಾಗುತ್ತಿದೆ, ಉದ್ದದಲ್ಲಿ ಸುಮಾರು ಆರನೇ ಒಂದು ಪಾಲು ಕುಗ್ಗುತ್ತಿದೆ. ಬಟ್ಟಲಾದರೆ ಸದ್ದಿಲ್ಲದೆ ಕುಗ್ಗಿ ಚಿಕ್ಕದಾಗುತ್ತದೆ. ಇಷ್ಟು ದೊಡ್ಡ ಮೈ ಕುಗ್ಗುವಾಗ ಕಾಲು ಪೀಠಕ್ಕೆ ಅಂಟಿಕೊಂಡು ಎಳೆಯುತ್ತದೆ, ಬೆನ್ನು ತನ್ನ ಭಾರಕ್ಕೆ ತಾನೇ ಬಾಗುತ್ತದೆ, ಅಂಟಿಸಿದ ಕಡೆ ಜಗ್ಗುತ್ತದೆ.

ಬೆಂಕಿ ಆರಿಸಿದ ಮೇಲೂ ಬಾಗಿಲು ತೆಗೆಯುವ ಹಾಗಿಲ್ಲ. ತಣ್ಣನೆಯ ಗಾಳಿ ತಾಗಿದರೆ ಉಳಿದದ್ದೂ ಹೋಯಿತು. ದಿನಗಟ್ಟಲೆ ಕಾಯುತ್ತಾರೆ.

ಇಟ್ಟಿಗೆ ಕಿತ್ತು ಒಳಗಿನಿಂದ ಹೊರಗೆ ತಂದಾಗ ಕಂಡದ್ದೇ ಈಗ ಡ್ರೆಸ್ಡನ್ನಿನ ಅಂಗಣದ ಪ್ರಾಣಿಗಳ ಮೈಮೇಲೆ ನಿಮಗೂ ಕಾಣುವುದು. ಬಿರುಕು. ಹೊಟ್ಟೆಯ ಮೇಲೆ, ತೊಡೆಯ ಸಂದಿಯಲ್ಲಿ, ಪೀಠದ ಅಂಚಿನಲ್ಲಿ. ಕೆಲವು ಕೂದಲೆಳೆಯಷ್ಟು, ಕೆಲವು ಬೆರಳು ತೂರುವಷ್ಟು. ಸಾಗಣೆಯಲ್ಲಿ ಒಡೆದದ್ದಲ್ಲ, ಯಾರೋ ಬೀಳಿಸಿದ್ದಲ್ಲ. ಆವಿಗೆಯಲ್ಲೇ ಹುಟ್ಟಿದ್ದು. ಇನ್ನೊಂದು ಮಾಡಿದರೂ ಇದಕ್ಕಿಂತ ವಾಸಿಯಾಗುವ ಭರವಸೆ ಇಲ್ಲದ್ದರಿಂದ ಬಿರಿದದ್ದನ್ನೇ ಅರಮನೆಗೆ ಒಪ್ಪಿಸಿದರು, ಅರಮನೆಯೂ ಒಪ್ಪಿಸಿಕೊಂಡಿತು. ಕಾರ್ಖಾನೆಯ ಲೆಕ್ಕದಲ್ಲಿ ಇದು ನಷ್ಟ. ನನಗೋ ಈ ಬಿರುಕುಗಳಿಲ್ಲದ ಪ್ರಾಣಿಗಳು ತೀರಾ ನುಣುಪಾಗಿ ಕಾಣುತ್ತವೆ. ಗುಟ್ಟಿನ ಪಾಕ, ಕೋಟೆ, ಕಾವಲು, ರಾಜಾಜ್ಞೆ ಎಲ್ಲ ಇದ್ದೂ ಬೆಂಕಿ ಯಾರ ಆಳೂ ಆಗಲಿಲ್ಲ ಎಂಬುದಕ್ಕೆ ಅವು ಸಾಕ್ಷಿ.

ಬಣ್ಣದ ಮಾತೂ ಹೀಗೇ. ರಾಜನಿಗೆ ನಿಜಬಣ್ಣ ಬೇಕಿತ್ತು. ಪಿಂಗಾಣಿಗೆ ಬಣ್ಣ ಹಚ್ಚಿದರೆ ಅದನ್ನು ಮತ್ತೆ ಆವಿಗೆಗೆ ಇಡಬೇಕು. ಒಮ್ಮೆ ಬದುಕಿ ಬಂದದ್ದನ್ನು ಮತ್ತೆ ಬೆಂಕಿಗೆ ದೂಡುವ ಧೈರ್ಯ ಬರದೆ, ಹಲವು ಪ್ರಾಣಿಗಳಿಗೆ ಬೇಯಿಸದ ಬಣ್ಣವನ್ನೇ ಮೇಲೆ ಬಳಿದರು. ಅದು ಕಾಲಕ್ರಮದಲ್ಲಿ ಕಪ್ಪಿಟ್ಟಿತು, ಸುಲಿಯಿತು, ಉಳಿದದ್ದನ್ನು ಮುಂದಿನವರು ಉಜ್ಜಿ ತೆಗೆದರು. ಇವತ್ತು ನಾವು ಆಹಾ ಎನ್ನುವ ಈ ಬಿಳಿ ಆಗಸ್ಟಸ್ ಬಯಸಿದ್ದಲ್ಲ.

ಕೋಟೆಯ ಅಂಗಳದಲ್ಲಿ ಇನ್ನೊಬ್ಬ ತರುಣ ನಡೆದುಹೋಗುತ್ತಿದ್ದಾನೆ, ಗಮನಿಸಿ. ಇಪ್ಪತ್ತೈದು ವರ್ಷ. ಯೋಹಾನ್ ಯೋಆಖಿಮ್ ಕ್ಯಾಂಡ್ಲರ್. 1731ರಲ್ಲಿ ಸೇರಿದವನು. ಕಿರ್ಶ್ನರ್ ಚಿತ್ರದ ಪುಸ್ತಕ ತೆರೆದರೆ ಇವನು ಹೊರಗೆ ಹೊರಡುತ್ತಾನೆ. ಮೋರಿಟ್ಸ್‌ಬರ್ಗ್‌ನಲ್ಲಿ ರಾಜ ಸಾಕಿಸಿದ್ದ ಮೃಗಗಳನ್ನು ಕೂತು ನೋಡುತ್ತಾನೆ, ಅರಮನೆಯ ಸಂಗ್ರಹದಲ್ಲಿ ಹುಲ್ಲು ತುಂಬಿಟ್ಟ ಪ್ರಾಣಿಗಳನ್ನು ಅಳೆಯುತ್ತಾನೆ. ಇವನ ಮೇಕೆ ಕತ್ತು ತಿರುಗಿಸಿ ತನ್ನ ಮರಿಯ ಕಡೆ ನೋಡುತ್ತದೆ. ಹದ್ದು ರೆಕ್ಕೆ ಕೊಡವುತ್ತದೆ. ಕಾರ್ಖಾನೆಗೆ ಅಂಥವನು ಸಿಕ್ಕಿದ ಮೇಲೆ ಕಿರ್ಶ್ನರ್‌ನ ದಿನಗಳು ಮುಗಿದಂತೆಯೇ. 1733ರಲ್ಲಿ ಅವನು ಕೆಲಸ ಬಿಟ್ಟ. ಅದೇ ವರ್ಷ ಫೆಬ್ರುವರಿ 1ರಂದು ಆಗಸ್ಟಸ್ ವಾರ್ಸಾದಲ್ಲಿ ತೀರಿಕೊಂಡ. ಮಗನ ಒಲವು ತೈಲಚಿತ್ರಗಳ ಕಡೆ. ಪ್ರಾಣಿಗಳ ಕೆಲಸ ಕೆಲವು ವರ್ಷ ಕುಂಟುತ್ತ ನಡೆದು ನಿಂತಿತು. ಜಪಾನಿ ಅರಮನೆ ಆಗಸ್ಟಸ್ ಕಂಡ ಕನಸಿನಂತೆ ಪೂರ್ತಿಯಾಗಲೇ ಇಲ್ಲ.

ಮೂರ್ತಿಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೆಲ್ಲಿಗೋ ಅಲೆದವು. ಎರಡನೇ ಮಹಾಯುದ್ಧದಲ್ಲಿ ಸಂಗ್ರಹವನ್ನು ಊರಾಚೆ ಬಚ್ಚಿಟ್ಟರು. 1945ರ ಫೆಬ್ರುವರಿಯಲ್ಲಿ ಬಾಂಬುಗಳು ಡ್ರೆಸ್ಡನ್ನನ್ನು ಸುಟ್ಟಾಗ ಜ್ವಿಂಗರ್ ಕೂಡ ಕುಸಿಯಿತು. ಯುದ್ಧ ಮುಗಿದ ಮೇಲೆ ಪಿಂಗಾಣಿಯನ್ನು ಸೋವಿಯತ್ ಸೇನೆ ಒಯ್ದಿತು, 1958ರಲ್ಲಿ ಮರಳಿಸಿತು. 1962ರಿಂದ ಸಂಗ್ರಹ ಇರುವುದು ಮತ್ತೆ ಕಟ್ಟಿದ ಈ ಜ್ವಿಂಗರ್‌ನಲ್ಲಿ.

ಇನ್ನೊಂದು ದಿನ ಮಾತ್ರ ನೋಡುವುದಿದೆ. 1747ರ ಏಪ್ರಿಲ್, ಡ್ರೆಸ್ಡನ್. ಮರದ ಗಟ್ಟಿ ಗಾಡಿಯೊಂದು ಊರೊಳಗೆ ಬಂದು ನಿಂತಿದೆ. ಜನಜಾತ್ರೆ. ಗಾಡಿಯ ಯಜಮಾನ ಡೌವೆ ಮೌಟ್, ಡಚ್ಚರ ಹಡಗಿನ ಕಪ್ತಾನನಾಗಿದ್ದವನು. ಒಳಗಿರುವುದು ಕ್ಲಾರಾ ಎಂಬ ಘೇಂಡಾಮೃಗ. ಅಸ್ಸಾಮಿನ ಕಡೆ ಬೇಟೆಗಾರರು ತಾಯನ್ನು ಕೊಂದು ಹಿಡಿದ ಮರಿ, ಬಂಗಾಳದಲ್ಲಿ ಡಚ್ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆದದ್ದು. ಊಟದ ಮೇಜಿನ ಸುತ್ತ ನಾಯಿಮರಿಯಂತೆ ಓಡಾಡಿಕೊಂಡಿತ್ತಂತೆ. ಮೌಟ್ ಕೊಂಡು ಹಡಗೇರಿಸಿ 1741ರಲ್ಲಿ ರಾಟರ್‌ಡ್ಯಾಮ್‌ಗೆ ತಂದ. ಅಲ್ಲಿಂದ ಯೂರೋಪಿನ ಊರೂರು ತಿರುಗಾಟ, ನೋಡಲು ಕಾಸು. ದಿನಕ್ಕೆ 60 ಪೌಂಡು ಹುಲ್ಲು, 20 ಪೌಂಡು ಬ್ರೆಡ್ಡು, 14 ಬಕೆಟ್ಟು ನೀರು ಬೇಕೆಂದು ಮೌಟ್ ಡಂಗುರ ಹೊಡೆಸುತ್ತಿದ್ದ. ಬಿಯರನ್ನೂ ಕುಡಿಯುತ್ತಿತ್ತು.

ಗುಂಪಿನಲ್ಲಿ ದಾರಿ ಮಾಡಿಕೊಂಡು ಒಬ್ಬ ಮುಂದೆ ಬರುತ್ತಾನೆ. ಕ್ಯಾಂಡ್ಲರ್. ಈಗ ನಲವತ್ತು ದಾಟಿದ ಹೆಸರಾಂತ ಶಿಲ್ಪಿ. ಅವನ ಕಣ್ಣು ಎಲ್ಲೆಲ್ಲಿ ಹೋಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಚರ್ಮ ಮಡಿಕೆ ಬಿದ್ದಿದೆ, ಕವಚವಲ್ಲ. ಕಾಲಿನಲ್ಲಿ ಹುರುಪೆಯಿಲ್ಲ. ಬೆನ್ನ ಮೇಲೆ ಏನೂ ಇಲ್ಲ, ಧೂಳು ಬಿಟ್ಟರೆ.

ಕ್ಲಾರಾಳನ್ನು ಕಂಡ ಮೇಲೆ ಯೂರೋಪಿನ ಚಿತ್ರಗಾರರು ಒಬ್ಬೊಬ್ಬರಾಗಿ ಡ್ಯೂರರ್‌ನನ್ನು ಬಿಟ್ಟರು. 1749ರಲ್ಲಿ ಪ್ಯಾರಿಸ್ಸಿನ ಊದ್ರಿ ಅವಳನ್ನು ನಿಜಗಾತ್ರದಲ್ಲಿ ಬರೆದ. ಮೈಸೆನ್‌ನಿಂದಲೂ ಅವಳನ್ನು ಹೋಲುವ ಪುಟ್ಟ ಪಿಂಗಾಣಿ ಘೇಂಡಾಮೃಗಗಳು ಬಂದವು. ಕಪಾಟಿನಲ್ಲಿಡುವ ಅಳತೆ, ನೀಟಾದ ಮಡಿಕೆ, ಬೆನ್ನು ಬರಿದು. ತಪ್ಪು ಹುಡುಕಿದರೆ ಸಿಗುವುದಿಲ್ಲ. ಎರಡನ್ನೂ ಎದುರಿಗಿಟ್ಟು ಒಂದನ್ನು ಆರಿಸಿಕೋ ಎಂದರೆ ನಾನು ಕಿರ್ಶ್ನರ್‌ನದನ್ನೇ ಆರಿಸುತ್ತೇನೆ. ಎತ್ತಿಕೊಂಡು ಹೋಗಲು ಆಳು ಬೇಕಾಗುತ್ತದೆ, ಅಷ್ಟೇ.

ಕ್ಲಾರಾ ಇದ್ದ ಗಾಡಿಗೂ ನದಿಯಾಚೆಯ ಜಪಾನಿ ಅರಮನೆಗೂ ನಡುವೆ ಇದ್ದದ್ದು ಒಂದು ಸೇತುವೆಯ ದೂರ. ಯಾರೂ ಅವಳನ್ನು ಆಚೆ ದಾಟಿಸಿ, ಎರಡು ಕೊಂಬಿನ ಪಿಂಗಾಣಿ ನೆಂಟನ ಎದುರು ನಿಲ್ಲಿಸುವ ಯೋಚನೆ ಮಾಡಿದಂತಿಲ್ಲ. ಮೌಟ್‌ಗೆ ಪುರುಸೊತ್ತೂ ಇರಲಿಲ್ಲ. ಲೈಪ್‌ಜಿಗ್‌ನಲ್ಲಿ ಈಸ್ಟರ್ ಜಾತ್ರೆ ಹತ್ತಿರ ಬಂದಿತ್ತು. ಹುಲ್ಲಿನ ಹೊರೆ ಏರಿಸಿ, ಕುದುರೆ ಕಟ್ಟಿ, ಗಾಡಿ ಹೊಡೆಸಿದ.